ಕೇಳಿಸಿದ ಜಗಳ, ಕಾಣದ ರಾಜಿ

1980ರ ದಶಕದ ನಡುಭಾಗದಲ್ಲಿ ಅಮೆರಿಕದ ಡೆನ್ವರ್ ನಗರದ ‘ರಾಕಿ ಮೌಂಟನ್ ನ್ಯೂಸ್’ ದಿನಪತ್ರಿಕೆ ತನ್ನ ಓದುಗರ ಮುಂದೆ ಪ್ರೀತಿಯ ಬಗೆಗಿನ ಒಂದು ಪ್ರಶ್ನಾವಳಿ ಇಟ್ಟಿತು. ಅದನ್ನು ಸಿದ್ಧಪಡಿಸಿದವರು ಸಿಂಡಿ ಹೇಜನ್ ಮತ್ತು ಫಿಲಿಪ್ ಶೇವರ್ ಎಂಬ ಇಬ್ಬರು ಮನೋವಿಜ್ಞಾನಿಗಳು. ಮೂರು ಪುಟ್ಟ ಚಿತ್ರಣಗಳಲ್ಲಿ ತಮಗೆ ಹೊಂದುವ ಒಂದನ್ನು ಓದುಗರು ಆರಿಸಬೇಕಿತ್ತು. ಇನ್ನೊಬ್ಬರಿಗೆ ಹತ್ತಿರವಾಗುವುದು ತನಗೆ ಕಷ್ಟವಲ್ಲ ಎನ್ನುವವರದು ಮೊದಲನೆಯದು. ಯಾರಾದರೂ ತೀರಾ ಹತ್ತಿರ ಬಂದರೆ ಇರುಸುಮುರುಸಾಗುತ್ತದೆ ಎನ್ನುವವರದು ಎರಡನೆಯದು. ನಾನು ಬಯಸಿದಷ್ಟು ಹತ್ತಿರ ಯಾರೂ ಬರುವುದಿಲ್ಲ, ಬಂದವರೂ ಬಿಟ್ಟುಹೋದರೆ ಏನು ಗತಿ ಎಂದು ಸದಾ ಕಳವಳಪಡುವವರದು ಮೂರನೆಯದು. ವಿಶ್ಲೇಷಣೆಗೆ ತೆಗೆದುಕೊಂಡ 620 ಉತ್ತರಗಳಲ್ಲಿ ಶೇ 56 ಮಂದಿ ಮೊದಲ ಗುಂಪಿಗೆ, ಶೇ 25 ಮಂದಿ ಎರಡನೆಯದಕ್ಕೆ, ಶೇ 19 ಮಂದಿ ಮೂರನೆಯದಕ್ಕೆ ಸೇರಿದರು. 1987ರಲ್ಲಿ ಪ್ರಕಟವಾದ ಆ ಪ್ರಬಂಧವನ್ನು ಇಂದಿಗೂ ಹೆಚ್ಚಾಗಿ ನೆನೆಯುವುದು ಈ ಮೂರು ಅಂಕಿಗಳಿಗಾಗಿಯೇ.

ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಮಾತು ಬೇರೆ. ಬಾಲ್ಯದ ಯಾವ ಸಂಗತಿ ಈ ಮೂರು ಬಗೆಯ ಜನರನ್ನು ಬೇರ್ಪಡಿಸುತ್ತದೆ ಎಂದು ಅವರು ಹುಡುಕಿದರು. ಹೆತ್ತವರು ವಿಚ್ಛೇದನ ಪಡೆದಿದ್ದರೋ ಇಲ್ಲವೋ ಎಂಬುದು ಅಷ್ಟಾಗಿ ಲೆಕ್ಕಕ್ಕೆ ಬರಲಿಲ್ಲ. ಲೆಕ್ಕಕ್ಕೆ ಬಂದದ್ದು ಎರಡೇ: ಅಪ್ಪ ಅಮ್ಮ ತನ್ನ ಜೊತೆ ಹೇಗಿದ್ದರು ಎಂಬ ನೆನಪು, ಅವರಿಬ್ಬರೂ ಪರಸ್ಪರ ಹೇಗಿದ್ದರು ಎಂಬ ನೆನಪು. ಮದುವೆ ಉಳಿಯಿತೇ ಮುರಿಯಿತೇ ಎಂದು ನಾವು ಊರೆಲ್ಲ ವಿಚಾರಿಸುತ್ತೇವೆ. ಮಗು ವಿಚಾರಿಸುವುದು ಮನೆಯೊಳಗಿನ ದನಿಯನ್ನು.

ಈ ಚಿಂತನೆಯ ಮೂಲ ಲಂಡನ್ನಿನ ಮನೋವೈದ್ಯ ಜಾನ್ ಬೌಲ್ಬಿ. ಎರಡನೇ ಮಹಾಯುದ್ಧದಲ್ಲಿ ಮನೆಮಠ ಕಳೆದುಕೊಂಡ ಮಕ್ಕಳ ಕುರಿತು 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಬರೆದುಕೊಟ್ಟವರು ಅವರು. 1969ರಿಂದ ಮೂರು ಸಂಪುಟಗಳಲ್ಲಿ ಅವರು ಬೆಳೆಸಿದ ವಾದದ ತಿರುಳು ಇಷ್ಟು: ತನ್ನನ್ನು ನೋಡಿಕೊಳ್ಳುವವರ ನಡವಳಿಕೆಯಿಂದ ಮಗು ಒಂದು ಒಳನಕ್ಷೆಯನ್ನು ಕಟ್ಟಿಕೊಳ್ಳುತ್ತದೆ. ಕರೆದರೆ ಬರುವವರು ಇದ್ದಾರೆಯೇ, ನಾನು ಪ್ರೀತಿಗೆ ತಕ್ಕವನೇ ಎಂಬ ಎರಡು ಪ್ರಶ್ನೆಗಳಿಗೆ ಅದರಲ್ಲಿ ಉತ್ತರ ಬರೆದಿರುತ್ತದೆ. ಮೇರಿ ಐನ್ಸ್‌ವರ್ತ್ ಮೊದಲು ಉಗಾಂಡಾದ ಹಳ್ಳಿಗಳಲ್ಲಿ, ಆಮೇಲೆ ಬಾಲ್ಟಿಮೋರಿನಲ್ಲಿ ತಾಯಿ ಮಕ್ಕಳನ್ನು ಕೂತು ಗಮನಿಸಿ ಇದಕ್ಕೆ ಪುರಾವೆ ಒದಗಿಸಿದರು. ಆದರೆ ಈ ಪರಂಪರೆ ಬಹುಕಾಲ ನೋಡಿದ್ದು ತಾಯಿ ಮತ್ತು ಕೂಸನ್ನು ಮಾತ್ರ. ಆ ತಾಯಿ ಅಡುಗೆಮನೆಯಲ್ಲಿ ಕಣ್ಣು ಒರೆಸಿಕೊಂಡು ಬಂದು ಕೂಸನ್ನು ಎತ್ತಿಕೊಂಡಳೇ ಎಂದು ಕೇಳುವವರು ಕಡಿಮೆ ಇದ್ದರು. ಗಂಡ ಹೆಂಡಿರ ಕಲಹವನ್ನೇ ಮಗುವಿನ ಕಣ್ಣಿನಿಂದ ನೋಡುವ ಸಿದ್ಧಾಂತಗಳು ಗಟ್ಟಿಯಾಗಿ ನೆಲೆ ನಿಂತದ್ದು 1990ರ ಆಚೆಈಚೆ.

1990ರಲ್ಲಿ ಸಂಶೋಧಕರಾದ ಜಾನ್ ಗ್ರಿಚ್ ಮತ್ತು ಫ್ರಾಂಕ್ ಫಿಂಚಮ್ ಒಂದು ಸರಳ ಮಾತನ್ನು ಮುಂದಿಟ್ಟರು. ಜಗಳ ಕೇಳಿಸಿಕೊಂಡ ಮಗು ಸುಮ್ಮನೆ ಹೆದರುವುದಿಲ್ಲ, ಅದು ಅರ್ಥ ಹುಡುಕುತ್ತದೆ. ಇದರಿಂದ ನನಗೆ ಅಪಾಯವೇ? ಇದು ನನ್ನಿಂದ ಆದದ್ದೇ? ನಾನೇನಾದರೂ ಮಾಡಬಹುದೇ? ಎರಡನೆಯ ಪ್ರಶ್ನೆಗೆ ಮಕ್ಕಳು ಕೊಟ್ಟುಕೊಳ್ಳುವ ಉತ್ತರ ಬಹಳ ಸಲ ಹೌದು. ಜಗಳ ಮಗುವಿನ ಫೀಸು, ಅಂಕ, ಸಾಕುವ ರೀತಿಯ ಬಗ್ಗೆ ಆಗಿದ್ದರಂತೂ ಹೌದು. ನಮ್ಮ ಮನೆಗಳಲ್ಲಿ “ನೀನು ಮುದ್ದು ಮಾಡಿ ಮಾಡಿ ಅವನನ್ನ ಹಾಳು ಮಾಡಿದೆ” ಎಂದು ಶುರುವಾಗಿ ಇಪ್ಪತ್ತು ವರ್ಷ ಹಿಂದಿನ ವರೋಪಚಾರದವರೆಗೆ ಹೋಗುವ ಜಗಳಗಳೆಷ್ಟು! ಮೂಲೆಯಲ್ಲಿ ಹೋಂವರ್ಕ್ ಬರೆಯುತ್ತಿರುವವನಿಗೆ ಕೇಳಿಸುವುದು ಮೊದಲ ವಾಕ್ಯ.

ಮಗು ಚಿಕ್ಕದು, ಅದಕ್ಕೇನು ತಿಳಿಯುತ್ತೆ ಎಂಬ ಸಮಾಧಾನವೂ ಈಗ ಉಳಿದಿಲ್ಲ. ಆರೆಗನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಆರರಿಂದ ಹನ್ನೆರಡು ತಿಂಗಳ ಕೂಸುಗಳನ್ನು ನಿದ್ದೆಯಲ್ಲೇ ಮೆದುಳಿನ ಸ್ಕ್ಯಾನಿಂಗ್‌ಗೆ ಒಳಪಡಿಸಿ, ಅರ್ಥವಿಲ್ಲದ ವಾಕ್ಯಗಳನ್ನು ಸಿಟ್ಟಿನ, ಸಂತಸದ, ಸಾಧಾರಣ ದನಿಗಳಲ್ಲಿ ಕೇಳಿಸಲಾಯಿತು. ಹೆತ್ತವರ ನಡುವೆ ಕಲಹ ಹೆಚ್ಚಿದ್ದ ಮನೆಯ ಕೂಸುಗಳಲ್ಲಿ, ಒತ್ತಡ ಮತ್ತು ಭಾವನೆಗಳನ್ನು ನಿಭಾಯಿಸುವ ಮೆದುಳಿನ ಭಾಗಗಳು ಸಿಟ್ಟಿನ ದನಿಗೆ ಹೆಚ್ಚು ಮಿಡಿದವು. ಸಣ್ಣ ಅಧ್ಯಯನ; ಅದರ ಮೇಲೆ ದೊಡ್ಡ ಮಹಡಿ ಕಟ್ಟಬಾರದು. ಆದರೂ “ಮಗು ಮಲಗಿದೆ, ಈಗ ಮಾತಾಡೋಣ ಬಾ” ಎನ್ನುವ ಮುನ್ನ ಎರಡು ಸಲ ಯೋಚಿಸುವಷ್ಟಕ್ಕೆ ಅದು ಸಾಕು.

ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಕೆಲಸ ಮಾಡಿದವರು ನೊಟ್ರ್ ಡೇಮ್ ವಿಶ್ವವಿದ್ಯಾಲಯದ ಮಾರ್ಕ್ ಕಮಿಂಗ್ಸ್. ಪ್ಯಾಟ್ರಿಕ್ ಡೇವಿಸ್ ಜೊತೆಗೂಡಿ 1994ರಲ್ಲಿ ಅವರು ಮಂಡಿಸಿದ ವಾದದ ಪ್ರಕಾರ ಮಗುವಿಗೆ ಬೇಕಾದದ್ದು ಭಾವನೆಯ ಭದ್ರತೆ. ಅಪ್ಪ ಅಮ್ಮನ ಸಂಬಂಧ ಆ ಭದ್ರತೆಯ ಬುನಾದಿ. ಅವರ ಪ್ರಯೋಗಗಳು ಸರಳ. ದೊಡ್ಡವರಿಬ್ಬರು ಜಗಳವಾಡುವ ದೃಶ್ಯವನ್ನು ಮಕ್ಕಳಿಗೆ ತೋರಿಸುವುದು, ಕೆಲವರಿಗೆ ಜಗಳ ಬಗೆಹರಿದಂತೆ, ಕೆಲವರಿಗೆ ಅರ್ಧಕ್ಕೇ ನಿಂತಂತೆ. ಪೂರ್ತಿ ಬಗೆಹರಿದ ಜಗಳವನ್ನು ಕಂಡ ಮಕ್ಕಳ ಕಳವಳ ಗಣನೀಯವಾಗಿ ಇಳಿಯಿತು. ಬಾಗಿಲ ಹಿಂದೆ ಆದ ರಾಜಿಯನ್ನು ಮಗುವಿಗೆ ಆಮೇಲೆ ಬಾಯಿಮಾತಿನಲ್ಲಿ ಹೇಳಿದರೂ ಪ್ರಯೋಜನ ಕಂಡಿತು. ಬಾಯಿ ಬಿಡದೆ ಮುಖ ಗಂಟು ಹಾಕಿಕೊಂಡು ಓಡಾಡುವ ಮೌನವಂತೂ ಕೂಗಾಟದಷ್ಟೇ ಮಕ್ಕಳನ್ನು ಕಂಗೆಡಿಸಿತು. ಈ ಸಂಗತಿಯನ್ನು ಇಷ್ಟು ವಿವರವಾಗಿ ಹೇಳುತ್ತಿರುವುದು ಸುಮ್ಮನೆ ಅಲ್ಲ. ಹೆತ್ತವರು ಎಷ್ಟು ಜಗಳವಾಡಿದರು ಎಂಬುದಕ್ಕಿಂತ ಜಗಳ ಹೇಗೆ ಮುಗಿಯಿತು, ಆ ಮುಗಿತಾಯವನ್ನು ಮಗು ಕಂಡಿತೇ ಎಂಬುದೇ ಇಡೀ ಚರ್ಚೆಯ ಕೀಲಿ ಎಂದು ನಾನು ಭಾವಿಸಿದ್ದೇನೆ.

ಈಗ ನಮ್ಮ ಮನೆಗೆ ಬರೋಣ. ಕನ್ನಡದಲ್ಲಿ ಈ ವಿಷಯಕ್ಕೆ ಎರಡು ಗಾದೆಗಳಿವೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುವುದು ಒಂದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವುದು ಇನ್ನೊಂದು. ಒಂದೇ ಜಗಳ, ಒಂದರ ಪ್ರಕಾರ ಏನೂ ಆಗಲಿಲ್ಲ, ಇನ್ನೊಂದರ ಪ್ರಕಾರ ಮಗು ಸೊರಗಿತು. ಎರಡೂ ನಿಜವಾಗಿರುವುದಕ್ಕೆ ಕಾರಣ ಸರಳವಾಗಿದೆ. ದೊಡ್ಡವರು ಉಂಡು ಮಲಗುವ ಹೊತ್ತಿಗೆ ಮಗು ನಿದ್ದೆ ಹೋಗಿರುತ್ತದೆ. ಅದು ಕಂಡದ್ದು ತಟ್ಟೆ ತಳ್ಳಿದ್ದು, ಬಾಗಿಲು ಬಡಿದದ್ದು, “ನಿಮ್ಮನೇವರ ಬುದ್ಧಿ ನನಗೆ ಗೊತ್ತಿಲ್ವಾ” ಎಂದದ್ದು. ಮಧ್ಯರಾತ್ರಿ ಯಾರು ಯಾರ ಹತ್ತಿರ ಸೋತರು, ಯಾರು ನೀರು ತಂದುಕೊಟ್ಟರು ಎಂಬುದು ಅದಕ್ಕೆ ಗೊತ್ತಿಲ್ಲ. ಬೆಳಿಗ್ಗೆ ಎದ್ದರೆ ಅಮ್ಮ ಏನೂ ನಡೆದೇ ಇಲ್ಲವೆಂಬಂತೆ ಕಾಫಿ ಸೋಸುತ್ತಿದ್ದಾಳೆ. ಆ ಮಗುವಿಗೆ ಸಿಕ್ಕ ಪಾಠ ಅರ್ಧ: ಪ್ರೀತಿ ಎಂದರೆ ಇದ್ದಕ್ಕಿದ್ದಂತೆ ಸಿಡಿಯುವುದು, ಕಾರಣವಿಲ್ಲದೆ ತಣ್ಣಗಾಗುವುದು.

ಇದಕ್ಕೆ ನಮ್ಮ ಸಂಕೋಚವೂ ಸೇರುತ್ತದೆ. ಅತ್ತೆ ಮಾವನ ಎದುರು, ಮಕ್ಕಳ ಎದುರು ಗಂಡ ಹೆಂಡತಿ ಕೈ ಹಿಡಿಯುವುದಿರಲಿ, ಹತ್ತಿರ ಕೂರುವುದೂ ಲಕ್ಷಣವಲ್ಲ ಎಂದು ನಂಬಿದ ತಲೆಮಾರುಗಳು ನಮ್ಮವು. ಸಿಟ್ಟಿಗೆ ಆ ಸಂಕೋಚವಿಲ್ಲ. ಪಕ್ಕದ ಮನೆಗೂ ಕೇಳಿಸಬಹುದು. ಹೀಗಾಗಿ ನಮ್ಮ ಮಕ್ಕಳು ದಾಂಪತ್ಯದ ಜಗಳವನ್ನು ಪೂರ್ತಿ ನೋಡುತ್ತಾರೆ, ಒಲವನ್ನು ಊಹಿಸಿಕೊಳ್ಳಬೇಕಾಗುತ್ತದೆ. ಊಹೆಗೆ ಬೇಕಾದ ಸಾಮಗ್ರಿಯನ್ನು ಸಿನಿಮಾ ಒದಗಿಸುತ್ತದೆ. ಬೆನ್ನು ಬಿದ್ದು ಒಪ್ಪಿಸುವುದು, ಮಳೆಯಲ್ಲಿ ನೆನೆಯುವುದು, ಅವಳಿಗಾಗಿ ಹೊಡೆದಾಡುವುದು, ಕೊನೆಗೆ ತ್ಯಾಗ ಮಾಡುವುದು. ತಾಳಿ ಕಟ್ಟಿದ ಮೇಲೆ ತಿಂಗಳ ಕೊನೆಯಲ್ಲಿ ಗ್ಯಾಸ್ ಸಿಲಿಂಡರ್ ಖಾಲಿಯಾದ ದಿನ ಇಬ್ಬರು ಹೇಗೆ ಮಾತಾಡಬೇಕು ಎಂಬ ದೃಶ್ಯ ಬರುವ ಹೊತ್ತಿಗೆ ಪರದೆಯ ಮೇಲೆ ‘ಶುಭಂ’ ಬಿದ್ದಿರುತ್ತದೆ. ಮನೆಯಲ್ಲಿ ಕಂಡದ್ದು ಪ್ರೀತಿಯಿಲ್ಲದ ಜಗಳ, ತೆರೆಯ ಮೇಲೆ ಕಂಡದ್ದು ಸಂಸಾರವಿಲ್ಲದ ಪ್ರೀತಿ. ಇವೆರಡನ್ನು ಕೂಡಿಸುವ ಕೆಲಸ ಹದಿನೆಂಟರ ಹುಡುಗಿಯದೋ ಇಪ್ಪತ್ತರ ಹುಡುಗನದೋ ತಲೆಗೆ ಬೀಳುತ್ತದೆ.

ಮೌನದ ವಿಚಾರದಲ್ಲಿ ನಾವು ಇನ್ನೂ ಒಂದು ಹೆಜ್ಜೆ ಮುಂದೆ. ಮಾತು ಬಿಟ್ಟ ಗಂಡ ಹೆಂಡತಿ ಒಂದೇ ಸೂರಿನಡಿ ತಿಂಗಳುಗಟ್ಟಲೆ ಬದುಕಬಲ್ಲರು, ನಡುವೆ ಒಬ್ಬ ಅಂಚೆಯವ ಇದ್ದರೆ. “ನಿಮ್ಮಪ್ಪಂಗೆ ಹೇಳು, ಊಟಕ್ಕೆ ಹಾಕಿದೀನಿ ಅಂತ.” “ನಿಮ್ಮಮ್ಮಂಗೆ ಹೇಳು, ನಂಗೆ ಬೇಡ ಅಂತ.” ಇಬ್ಬರೂ ಮೂರಡಿ ಅಂತರದಲ್ಲಿದ್ದಾರೆ, ಮಗು ಅತ್ತ ಇತ್ತ ನೋಡಿ ಮಾತು ಸಾಗಿಸುತ್ತದೆ, ಸಾಗಿಸುವಾಗ ಖಾರ ತೆಗೆದು ಹೇಳುವುದನ್ನೂ ಕಲಿಯುತ್ತದೆ. ಕೌಟುಂಬಿಕ ಚಿಕಿತ್ಸೆಯಲ್ಲಿ ಇದನ್ನು ತ್ರಿಕೋನ ಎನ್ನುತ್ತಾರೆ. ಮರ್ರಿ ಬೋವೆನ್, ಸಾಲ್ವಡಾರ್ ಮಿನುಚಿನ್ ಇಬ್ಬರೂ ಇದರ ಬಗ್ಗೆ ವಿವರವಾಗಿ ಬರೆದಿದ್ದಾರೆ: ಇಬ್ಬರ ನಡುವಿನ ಬಿಗಿತ ತಡೆಯಲಾರದಷ್ಟಾದಾಗ ಮೂರನೆಯವರನ್ನು ಎಳೆದುಕೊಂಡು ಹಂಚಿಕೊಳ್ಳುವುದು. ಕೂಡುಕುಟುಂಬದಲ್ಲಿ ಆ ಮೂರನೆಯ ಸ್ಥಾನಕ್ಕೆ ಅಜ್ಜಿಯೋ ಸೋದರತ್ತೆಯೋ ಬರುತ್ತಿದ್ದರು. ಅವರಲ್ಲಿ ಬೆಂಕಿಗೆ ತುಪ್ಪ ಸುರಿದವರೂ ಉಂಟು, ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಕರೆದೊಯ್ದವರೂ ಉಂಟು. ಬೆಂಗಳೂರಿನ ಎರಡು ಕೋಣೆಯ ಫ್ಲ್ಯಾಟಿನಲ್ಲಿ, ಕುವೈತಿನ ಅಥವಾ ನ್ಯೂಜೆರ್ಸಿಯ ಕನ್ನಡಿಗರ ಅಪಾರ್ಟ್‌ಮೆಂಟಿನಲ್ಲಿ ಆ ಸ್ಥಾನಕ್ಕೆ ಮಗು ಒಂದೇ ಅಭ್ಯರ್ಥಿ.

ವ್ಯಾಜ್ಯ ಕೋರ್ಟಿಗೆ ಹೋದರೆ ತ್ರಿಕೋನ ಇನ್ನಷ್ಟು ಚೂಪಾಗುತ್ತದೆ. ಒಬ್ಬರ ವಶದಲ್ಲಿರುವ ಮಗುವಿನ ಮನಸ್ಸಿನಲ್ಲಿ ಇನ್ನೊಬ್ಬರ ವಿರುದ್ಧ ವಿಷ ತುಂಬುವುದನ್ನು ಸುಪ್ರೀಂ ಕೋರ್ಟ್ 2017ರ ಒಂದು ತೀರ್ಪಿನಲ್ಲಿ ವಿಸ್ತಾರವಾಗಿ ಚರ್ಚಿಸಿ, ಪುಟ್ಟ ಹುಡುಗಿಯೊಬ್ಬಳನ್ನು ತಂದೆಯ ವಶದಿಂದ ತಾಯಿಗೆ ಒಪ್ಪಿಸಿತು.

ಈ ಮೂರನೆಯವರ ಪಾಡನ್ನು ಕನ್ನಡದಲ್ಲಿ ಅತ್ಯಂತ ತೀಕ್ಷ್ಣವಾಗಿ ಕಂಡ ಕೃತಿ ಗಿರೀಶ ಕಾರ್ನಾಡರ ‘ಯಯಾತಿ’, ಪ್ರಕಟವಾದದ್ದು 1961ರಲ್ಲಿ. ದೇವಯಾನಿಯೊಂದಿಗಿನ ದಾಂಪತ್ಯವನ್ನು ಕೆಡಿಸಿಕೊಂಡದ್ದು ಯಯಾತಿ. ಅಕಾಲ ಮುಪ್ಪಿನ ಶಾಪ ಬಿದ್ದದ್ದು ಅವನಿಗೆ. ಮುಪ್ಪನ್ನು ಹೊತ್ತವನು ಮಗ ಪುರು. ಮಹಾಭಾರತದ ಕಥೆಗೆ ಕಾರ್ನಾಡರು ಸೇರಿಸಿದ್ದು ಪುರುವಿನ ಹೊಸ ಹೆಂಡತಿ ಚಿತ್ರಲೇಖೆಯನ್ನು. ಅಪ್ಪನ ಬೇಗುದಿಯನ್ನು ಮಗ ಹೊತ್ತುಕೊಂಡರೆ ಅದರ ಬೆಲೆಯನ್ನು ತೆರುವುದು ಮಗನ ಮದುವೆ. ಚಿತ್ರಲೇಖೆ ಪ್ರಾಣ ಕಳೆದುಕೊಳ್ಳುತ್ತಾಳೆ. ತಂದೆಗಾಗಿ ಮಗ ಮಾಡಿದ ತ್ಯಾಗ ಎಂದು ಹೊಗಳಿಕೊಂಡು ಬಂದ ಕಥೆಯಲ್ಲಿ ಸೊಸೆಯ ಪಾಲು ಏನು ಎಂದು ಕೇಳಿದ್ದು ಆ ನಾಟಕದ ದೊಡ್ಡತನ.

ಹಿಂದಿಯಲ್ಲಿ ಮೋಹನ್ ರಾಕೇಶರ ‘ಆಧೇ ಅಧೂರೇ’ (1969) ಇದೇ ಪ್ರಶ್ನೆಯನ್ನು ದಿಲ್ಲಿಯ ಮಧ್ಯಮ ವರ್ಗದ ಬೈಠಕ್ಕಿನಲ್ಲಿ ಇಡುತ್ತದೆ. ಹೆತ್ತವರ ನಿತ್ಯದ ಕಚ್ಚಾಟದಿಂದ ತಪ್ಪಿಸಿಕೊಳ್ಳಲು ಓಡಿಹೋಗಿ ಮದುವೆಯಾದ ಹಿರಿಮಗಳು ಬಿನ್ನಿ ತವರಿಗೆ ಮರಳುತ್ತಾಳೆ. ಗಂಡ ಕೆಟ್ಟವನಲ್ಲ, ದೊಡ್ಡ ಜಗಳವೂ ನಡೆದಿಲ್ಲ. ಆದರೆ ಈ ಮನೆಯಿಂದಲೇ ಏನನ್ನೋ ತನ್ನೊಳಗೆ ಹೊತ್ತುಕೊಂಡು ಹೋಗಿದ್ದೇನೆ, ಅದು ತನ್ನನ್ನು ಅಲ್ಲಿ ನೆಮ್ಮದಿಯಾಗಿ ಇರಗೊಡುವುದಿಲ್ಲ ಎಂಬುದು ಅವಳ ಸಂಕಟ. ಅದು ಏನೆಂದು ಅವಳಿಗೂ ಹೇಳಲಾಗದು. ಸಂಶೋಧಕರ ಒಳನಕ್ಷೆ ಎಂಬ ಪದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಾನು ಓದಿಲ್ಲ.

ಹೊತ್ತುಕೊಂಡು ಹೋಗುವುದು ಒಂದೇ ರೂಪದಲ್ಲಿ ಇರುವುದಿಲ್ಲ. “ನಂಗೆ ಮದುವೇನೇ ಬೇಡ” ಎನ್ನುವವರು ಕಣ್ಣಿಗೆ ಬೀಳುತ್ತಾರೆ, ಆದ್ದರಿಂದ ಎಲ್ಲರೂ ಅವರ ಬಗ್ಗೆಯೇ ಮಾತಾಡುತ್ತಾರೆ. ಕಣ್ಣಿಗೆ ಬೀಳದವರು ಹೆಚ್ಚು. ಮನೆ ಬಿಟ್ಟರೆ ಸಾಕೆಂದು ಮೊದಲು ಅಕ್ಕರೆ ತೋರಿದವನ ಕೈ ಹಿಡಿದು ಹೊರಟವಳು. ಸಂಗಾತಿಯ ಮುಖ ಸ್ವಲ್ಪ ಬಾಡಿದರೂ ಏನಾಯ್ತು, ನನ್ನ ಮೇಲೆ ಸಿಟ್ಟಾ ಎಂದು ಹತ್ತು ಸಲ ಕೇಳುವವನು. ಬಾಲ್ಯದಲ್ಲಿ ಅಪ್ಪನ ಸ್ಕೂಟರಿನ ಸದ್ದಿನಿಂದಲೇ ಇವತ್ತಿನ ರಾತ್ರಿ ಹೇಗಿರುತ್ತದೆಂದು ಅಳೆಯುತ್ತಿದ್ದವನು ಅವನು. ಸಂಶಯವನ್ನೇ ಪ್ರೀತಿಯ ಅಳತೆಗೋಲೆಂದು ನಂಬಿದವಳು: “ಪೊಸೆಸಿವ್ ಆಗಿದಾನೆ ಅಂದ್ರೆ ಅಷ್ಟು ಇಷ್ಟ ಅಂತ ತಾನೆ?” ಕುಡುಕನನ್ನು, ಸೋತವನನ್ನು ಹುಡುಕಿ ಹುಡುಕಿ ಪ್ರೀತಿಸಿ, ಅಮ್ಮನಿಗೆ ಆಗದ್ದನ್ನು ತಾನು ಮಾಡಿ ತೋರಿಸುತ್ತೇನೆ ಎಂದು ಹಟ ತೊಟ್ಟವಳು. ಇವರೆಲ್ಲರಿಗಿಂತ ನನಗೆ ಕುತೂಹಲಕರ ಎನಿಸುವವರು ಅಪ್ಪನಂತೆ ಎಂದೂ ಆಗಲಾರೆ ಎಂದು ಆಣೆ ಮಾಡಿದವರು. ಅವರು ದನಿ ಏರಿಸುವುದಿಲ್ಲ, ವಾದಿಸುವುದಿಲ್ಲ, ಎಲ್ಲಕ್ಕೂ ಸರಿ ಎನ್ನುತ್ತಾರೆ, ಏಳೆಂಟು ವರ್ಷ ಕಳೆದ ಮೇಲೆ ಒಂದು ದಿನ ಸೂಟ್‌ಕೇಸ್ ತೆಗೆಯುತ್ತಾರೆ. ಜಗಳವೆಂದರೆ ವಿನಾಶವೆಂದು ಕಲಿತವರಿಗೆ ಸಣ್ಣ ಜಗಳ ಆಡಲು ಬರುವುದಿಲ್ಲ.

ಹಾಗಾದರೆ ಮಕ್ಕಳಿಗೋಸ್ಕರ ಜೊತೆಗಿರಬೇಕೇ, ಬೇರೆಯಾಗಬೇಕೇ? ಪಶ್ಚಿಮದಲ್ಲಿ ಇದರ ಮೇಲೆ ಅರ್ಧ ಶತಮಾನ ವಾಗ್ವಾದ ನಡೆದಿದೆ. ಕ್ಯಾಲಿಫೋರ್ನಿಯಾದ ಜುಡಿತ್ ವಾಲರ್‌ಸ್ಟೈನ್ 1971ರಿಂದ 60 ಕುಟುಂಬಗಳ 131 ಮಕ್ಕಳನ್ನು ಹಿಂಬಾಲಿಸಿ, ವಿಚ್ಛೇದನದ ಪೆಟ್ಟು ಬಾಲ್ಯದಲ್ಲಿ ಮಲಗಿದ್ದು ಆ ಮಕ್ಕಳು ಸ್ವತಃ ಪ್ರೀತಿಸಲು ಹೊರಟಾಗ ಏಳುತ್ತದೆ ಎಂದರು. ಮೇವಿಸ್ ಹೆದರಿಂಗ್ಟನ್ 2002ರಲ್ಲಿ ಹೊರತಂದ ಪುಸ್ತಕದಲ್ಲಿ, ಅವರಿಗಿಂತ ಎಷ್ಟೋ ಪಟ್ಟು ಹೆಚ್ಚು ಕುಟುಂಬಗಳನ್ನು ನೋಡಿ, ವಿಚ್ಛೇದಿತರ ಮಕ್ಕಳಲ್ಲಿ ಗಂಭೀರ ತೊಂದರೆ ಇರುವವರು ನಾಲ್ಕರಲ್ಲಿ ಒಬ್ಬರು, ಉಳಿದ ಮನೆಗಳಲ್ಲಿ ಹತ್ತರಲ್ಲಿ ಒಬ್ಬರು, ಬಹುಪಾಲು ಮಕ್ಕಳು ಚೇತರಿಸಿಕೊಳ್ಳುತ್ತಾರೆ ಎಂದರು. ವಾಲರ್‌ಸ್ಟೈನ್ ಅವರ ಪುಸ್ತಕ ಹೆಚ್ಚು ಮನ ಕಲಕುತ್ತದೆ; ಆದರೆ ಹೋಲಿಸಿ ನೋಡಲು ಬೇರೆ ಗುಂಪನ್ನು ಸರಿಯಾಗಿ ಇಟ್ಟುಕೊಳ್ಳದ ಅಷ್ಟು ಸಣ್ಣ ಅಧ್ಯಯನದ ಮೇಲೆ ಒಂದು ಪೀಳಿಗೆಯ ಭವಿಷ್ಯ ಬರೆಯುವುದು ಸರಿಯಲ್ಲ.

ಗಂಟು ಬಿಡಿಸಿದವರು ಪಾಲ್ ಅಮಾಟೊ ಮತ್ತು ಅಲನ್ ಬೂತ್. 1980ರಲ್ಲಿ ಸುಮಾರು ಎರಡು ಸಾವಿರ ವಿವಾಹಿತರನ್ನು ಮಾತಾಡಿಸಿ, ಆಮೇಲೆ ಅವರ ಮಕ್ಕಳು ಬೆಳೆದು ದೊಡ್ಡವರಾಗುವ ತನಕ ಜಾಡು ಹಿಡಿದು ಹೋದರು. ದಿನನಿತ್ಯ ಕದನ ನಡೆಯುತ್ತಿದ್ದ ಮನೆಗಳಲ್ಲಿ ಹೆತ್ತವರು ಬೇರೆಯಾದದ್ದು ಮಕ್ಕಳಿಗೆ ಒಳ್ಳೆಯದೇ ಆಯಿತು. ಮೇಲ್ನೋಟಕ್ಕೆ ಎಲ್ಲ ಸರಿಯಿದ್ದು ಏಕಾಏಕಿ ಮುರಿದ ಮನೆಗಳಲ್ಲಿ ಮಕ್ಕಳು ಹೆಚ್ಚು ಏಟು ತಿಂದರು. ಅವರಿಗೆ ಪ್ರೀತಿ ಎಂಬುದು ಯಾವ ಮುನ್ಸೂಚನೆಯೂ ಇಲ್ಲದೆ ಹೋಗಿಬಿಡುವ ವಸ್ತುವಾಯಿತು. 2001ರಲ್ಲಿ ಅಮಾಟೊ ಮತ್ತು ಡೇನಲ್ ಡಿಬೋರ್ ತೋರಿಸಿದ್ದು ಇದರ ಇನ್ನೊಂದು ಮುಖ: ಹೆತ್ತವರು ಬೇರೆಯಾಗಿದ್ದರೆ ಮಕ್ಕಳ ಮದುವೆ ಮುರಿಯುವ ಸಂಭವ ಸುಮಾರು ಎರಡು ಪಟ್ಟು, ಕಚ್ಚಾಡುತ್ತಲೇ ಜೊತೆಗಿದ್ದವರ ಮಕ್ಕಳಲ್ಲಿ ಆ ಸಂಭವ ಹೆಚ್ಚಲಿಲ್ಲ. ಆದರೆ ಅವರ ಮದುವೆಗಳು ಸುಖವಾಗಿದ್ದವು ಎಂದೇನಲ್ಲ. ಹೆತ್ತವರ ಕಲಹ ಮಕ್ಕಳ ದಾಂಪತ್ಯದಲ್ಲೂ ಕಲಹವಾಗಿಯೇ ಕಾಣಿಸಿಕೊಂಡದ್ದನ್ನು ಅದೇ ಮಾಹಿತಿಯಿಂದ ಅಮಾಟೊ ಮತ್ತು ಬೂತ್ ಅದೇ ವರ್ಷ ತೋರಿಸಿದರು. ವಿಚ್ಛೇದನದಿಂದ ಮಕ್ಕಳು ಕಲಿಯುವುದು ಮದುವೆ ಶಾಶ್ವತವಲ್ಲ ಎಂದು. ಕಲಹದಿಂದ ಕಲಿಯುವುದು ಕಲಹವಾಡುವ ವಿಧಾನವನ್ನು.

ಭಾರತದಲ್ಲಿ ಕಲಹದ ಮನೆಯ ಮಕ್ಕಳು ಹೆಚ್ಚಾಗಿ ಕಲಿಯುವುದು ಎರಡನೆಯದನ್ನೇ. 2011ರ ಜನಗಣತಿಯಲ್ಲಿ ವಿಚ್ಛೇದಿತರೆಂದು ಹೇಳಿಕೊಂಡವರು ಸುಮಾರು 13.6 ಲಕ್ಷ, ಮದುವೆಯಾದವರಲ್ಲಿ ಶೇ 0.24. ವಿಚ್ಛೇದನವಿಲ್ಲದೆ ಬೇರೆ ವಾಸಿಸುತ್ತಿರುವವರು ಇದರ ಸುಮಾರು ಮೂರು ಪಟ್ಟು. ಈ ಅಂಕಿಯನ್ನು ತೋರಿಸಿ ನಮ್ಮ ಸಂಸ್ಕೃತಿಯ ಹೆಚ್ಚುಗಾರಿಕೆ ಹಾಡುವವರು ಇನ್ನೊಂದು ಅಂಕಿಯನ್ನೂ ನೋಡಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾಗಿ ಹೇಳಿದ, 18ರಿಂದ 49 ವಯಸ್ಸಿನ ವಿವಾಹಿತೆಯರ ಪ್ರಮಾಣ ದೇಶದಲ್ಲಿ ಶೇ 29.3, ಕರ್ನಾಟಕದಲ್ಲಿ ಶೇ 44.4. ರಾಜ್ಯಗಳಲ್ಲೇ ಇದು ಅತಿ ಹೆಚ್ಚು. ಹೇಳದೆ ಹೊರಗೆ ಹೋದರೆ, ಅಡುಗೆ ಸರಿಯಾಗಿ ಮಾಡದಿದ್ದರೆ, ಎದುರಾಡಿದರೆ ಎಂಬಂಥ ಏಳು ಕಾರಣಗಳಲ್ಲಿ ಒಂದಕ್ಕಾದರೂ ಗಂಡ ಹೆಂಡತಿಯನ್ನು ಹೊಡೆಯಬಹುದು ಎಂದು ಕರ್ನಾಟಕದ ಶೇ 82ರಷ್ಟು ಗಂಡಸರು, ಶೇ 77ರಷ್ಟು ಹೆಂಗಸರು ಒಪ್ಪಿದರು. ಅದೇ ಸಮೀಕ್ಷೆ ಹೆಂಗಸರನ್ನು ನಿಮ್ಮ ತಂದೆ ತಾಯಿಗೆ ಹೊಡೆಯುತ್ತಿದ್ದರೇ ಎಂದೂ ಕೇಳುತ್ತದೆ. ಹೌದೆಂದವರು ತಮ್ಮ ಗಂಡನಿಂದಲೂ ಪೆಟ್ಟು ತಿನ್ನುವ ಪ್ರಮಾಣ ಸುತ್ತಿಂದ ಸುತ್ತಿಗೆ ಹೆಚ್ಚಾಗಿಯೇ ಕಂಡಿದೆ. ಇಲ್ಲಿಗೆ ಬಂದಾಗ ಕಲಹ ಎಂಬ ಸೌಮ್ಯ ಪದವನ್ನು ಬಿಡಬೇಕು. ಹೊಡೆತವನ್ನು ಇಬ್ಬರ ನಡುವಿನ ಜಗಳ ಎಂದು ಕರೆಯುವುದು ಹೊಡೆದವನಿಗೆ ಮಾಡುವ ಉಪಕಾರ. “ಮಕ್ಕಳ ಮುಖ ನೋಡ್ಕೊಂಡು ಸಹಿಸಿಕೊಂಡಿದೀನಿ” ಎಂಬ ತಾಯಿಯ ಮಾತು ಎಷ್ಟೇ ನಿಜವಿರಲಿ, ಅದನ್ನು ಕೇಳಿ ಬೆಳೆದ ಮಗಳಿಗೆ ಪ್ರೀತಿ ಎಂದರೆ ಸಹನೆ, ಮಗನಿಗೆ ಪ್ರೀತಿ ಎಂದರೆ ಸಹಿಸಿಕೊಳ್ಳುವವರನ್ನು ಪಡೆಯುವ ಹಕ್ಕು ಎಂದು ಅನಿಸಿದರೆ ತಪ್ಪು ಯಾರದು?

ಇಷ್ಟೆಲ್ಲ ಹೇಳಿದ ಮೇಲೆ ಸಂದೇಹಗಳನ್ನೂ ಹೇಳಬೇಕು. ಮೊದಲನೆಯದು ರಕ್ತದ್ದು. ಜೆಸಿಕಾ ಸಾಲ್ವಟೋರ್ ಮತ್ತು ಸಂಗಡಿಗರು ಸ್ವೀಡನ್ನಿನ ಸುಮಾರು ಇಪ್ಪತ್ತು ಸಾವಿರ ದತ್ತು ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಫಲಿತಾಂಶ ಹಳೆಯ ನಂಬಿಕೆಗಳನ್ನು ಅಲುಗಾಡಿಸಿತು. ವಿಚ್ಛೇದನದ ವಿಷಯದಲ್ಲಿ ಆ ಮಕ್ಕಳು ಸಾಕಿದವರಿಗಿಂತ ಹೆತ್ತವರನ್ನು ಹೆಚ್ಚು ಹೋಲುತ್ತಿದ್ದರು. ಬೇಗ ಕೆರಳುವುದು, ತಾಳ್ಮೆಗೆಡುವುದು ಮುಂತಾದ ಸ್ವಭಾವಗಳು ಹುಟ್ಟಿನಿಂದ ಬಂದಿರಬಹುದು. ನಾವು ಪಾಠ ಎಂದುಕೊಂಡದ್ದರಲ್ಲಿ ಒಂದಿಷ್ಟು ಆಸ್ತಿಯಂತೆ ಬಂದದ್ದು. ಎರಡನೆಯದು ಅಯೋವಾದ ಗ್ರಾಮೀಣ ಕುಟುಂಬಗಳದು. 1980ರ ದಶಕದ ಸಾಲದ ಬಿಕ್ಕಟ್ಟಿನಲ್ಲಿ ಸಿಕ್ಕಿದ್ದ ಆ ಮನೆಗಳಲ್ಲಿ ಹಣದ ಒತ್ತಡ ಹೇಗೆ ಗಂಡ ಹೆಂಡಿರ ಮಾತನ್ನು ಕಹಿ ಮಾಡುತ್ತದೆ ಎಂದು ತೋರಿಸಿದ ರ‍್ಯಾಂಡ್ ಕಾಂಗರ್ ತಂಡ, 2000ದಲ್ಲಿ ಇನ್ನೊಂದು ಮಾತು ಹೇಳಿತು. ಆ ಮಕ್ಕಳು ಪ್ರಾಯಕ್ಕೆ ಬಂದು ತಮ್ಮ ಸಂಗಾತಿಯೊಂದಿಗೆ ಹೇಗೆ ವರ್ತಿಸಿದರು ಎಂಬುದನ್ನು ಮುನ್ಸೂಚಿಸಿದ್ದು ಹೆತ್ತವರ ದಾಂಪತ್ಯದ ರೀತಿಯಲ್ಲ, ಹೆತ್ತವರು ಮಗುವಿನೊಂದಿಗೆ ನಡೆದುಕೊಂಡ ರೀತಿ. ಜಗಳದ ಮನೆಯಲ್ಲೂ ಮಗುವಿನ ತಲೆ ನೇವರಿಸಲು ಬಿಡುವು ಮಾಡಿಕೊಂಡವರ ಶ್ರಮ ವ್ಯರ್ಥವಾಗಲಿಲ್ಲ. ಮೂರನೆಯದನ್ನು ಬೇಗ ಹೇಳಿಬಿಡುತ್ತೇನೆ: ಇಲ್ಲಿ ಹೆಸರಿಸಿದ ಅಧ್ಯಯನಗಳಲ್ಲಿ ಬಹುತೇಕ ಅಮೆರಿಕದವು, ಅವುಗಳ ಮಧ್ಯಮ ವರ್ಗದ ಬಿಳಿಯರ ಮನೆ ನಮ್ಮ ವಠಾರವಲ್ಲ.

ಸಂದೇಹಗಳ ಜೊತೆಗೆ ಒಂದು ಭರವಸೆಯೂ ಇದೆ. ಅಮೆರಿಕದ ಮಿನೆಸೋಟದಲ್ಲಿ 1970ರ ದಶಕದ ನಡುವೆ ಬಡ ತಾಯಂದಿರ ಹೊಟ್ಟೆಯಲ್ಲಿದ್ದಾಗಿನಿಂದಲೇ ಮಕ್ಕಳನ್ನು ಗಮನಿಸಲು ಹೊರಟ ಒಂದು ಅಧ್ಯಯನವಿದೆ. ಆ ಮಕ್ಕಳು ಇಪ್ಪತ್ತು ದಾಟಿ ಪ್ರೇಮಿಗಳಾದ ಮೇಲೆ ಅವರನ್ನೂ ಸಂಗಾತಿಯನ್ನೂ ಕೂರಿಸಿ, ಮೊದಲು ತಮ್ಮ ನಡುವಿನ ದೊಡ್ಡ ಭಿನ್ನಾಭಿಪ್ರಾಯದ ಬಗ್ಗೆ, ಅದಾದ ತಕ್ಷಣವೇ ಇಬ್ಬರಿಗೂ ಒಪ್ಪಿಗೆಯಿರುವ ಸಂಗತಿಯ ಬಗ್ಗೆ ಮಾತಾಡಲು ಹೇಳಿದರು. ಸಂಶೋಧಕರು ನೋಡಿದ್ದು ಜಗಳವನ್ನಲ್ಲ, ಜಗಳ ಮುಗಿದ ಮರುನಿಮಿಷಗಳನ್ನು. ಕೂಸಾಗಿದ್ದಾಗ ಭದ್ರವಾಗಿದ್ದವರು ಸಲೀಸಾಗಿ ಹೊರಬಂದರು. ಇಲ್ಲದವರು ಹಳೆಯ ಮಾತನ್ನೇ ಎಳೆಯುತ್ತ ಉಳಿದರು. ಆದರೆ 2011ರಲ್ಲಿ ಪ್ರಕಟವಾದ ಆ ಪ್ರಬಂಧದ ನಿಜವಾದ ಸುದ್ದಿ ಇದು: ಅಭದ್ರ ಬಾಲ್ಯದವರಿಗೆ ಜಗಳದಿಂದ ಚೆನ್ನಾಗಿ ಹೊರಬರಬಲ್ಲ ಸಂಗಾತಿ ಸಿಕ್ಕಿದ್ದರೆ ಅವರ ಸಂಬಂಧ ಎರಡು ವರ್ಷಗಳ ನಂತರವೂ ಉಳಿದಿರುವ ಸಾಧ್ಯತೆ ಹೆಚ್ಚಿತ್ತು. ಒಳನಕ್ಷೆಯನ್ನು ಇನ್ನೊಬ್ಬರ ಸಹವಾಸ ತಿದ್ದಬಲ್ಲದು. ಜಾತಕದಲ್ಲಿ ಗಣ, ನಾಡಿ, ಕೂಟಗಳನ್ನು ಹೊಂದಿಸುವ ನಾವು ಹುಡುಗನೋ ಹುಡುಗಿಯೋ ಸಿಟ್ಟು ಬಂದ ಮೇಲೆ ಎಷ್ಟು ಹೊತ್ತಿಗೆ ಮಾತಾಡುತ್ತಾರೆ ಎಂದು ವಿಚಾರಿಸಿದರೆ ಇನ್ನಷ್ಟು ಉಪಯೋಗವಾದೀತು.

ಹೆತ್ತವರಿಗೆ ನನ್ನ ಬೇಡಿಕೆ ಸಣ್ಣದು. ಮಕ್ಕಳ ಮುಂದೆ ಜಗಳವೇ ಆಡಬೇಡಿ ಎಂಬ ಉಪದೇಶವನ್ನು ಯಾರೂ ಪಾಲಿಸಲಾರರು, ಪಾಲಿಸಿದರೆ ಮಕ್ಕಳು ಜಗಳವಾಡುವುದನ್ನು ಕಲಿಯುವುದೂ ಇಲ್ಲ. ಅವರ ಮುಂದೆ ಆಡಿದ ಜಗಳವನ್ನು ಅವರ ಮುಂದೆಯೇ ಮುಗಿಸಿ. ರಾತ್ರಿಯೇ ಆಗದಿದ್ದರೆ ಬೆಳಿಗ್ಗೆ ತಿಂಡಿಯ ಹೊತ್ತಿಗೆ “ನಿನ್ನೆ ನಾವಿಬ್ಬರೂ ಜೋರಾಗಿ ಮಾತಾಡಿದ್ವಿ, ಅದು ನಿನ್ನಿಂದ ಅಲ್ಲ, ಈಗ ಸರಿಹೋಯ್ತು” ಎಂದು ಹೇಳಿ. ನಿಜವಾಗಿ ಸರಿಹೋಗಿದ್ದರೆ ಮಾತ್ರ. ನಟನೆಯನ್ನು ಮಕ್ಕಳು ಬೇಗ ಹಿಡಿಯುತ್ತಾರೆ. ಹೊಡೆತ ಬಡಿತ ಇರುವ ಮನೆಗೆ ಈ ಮಾತು ಅನ್ವಯಿಸದು. ಅಲ್ಲಿ ಬೇಕಾದದ್ದು ರಾಜಿಯಲ್ಲ, ರಕ್ಷಣೆ. 2006ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಅದಕ್ಕಾಗಿಯೇ ಇದೆ. ಮಹಿಳೆಯರಿಗೆ 181, ಮಕ್ಕಳಿಗೆ 1098 ಸಹಾಯವಾಣಿಗಳಿವೆ. ಅಪ್ಪ ಅಮ್ಮನ ಜಗಳ ತಲೆಯಿಂದ ಹೋಗುತ್ತಿಲ್ಲ, ಅದರಿಂದ ತನ್ನ ಸಂಬಂಧಗಳೂ ಕೆಡುತ್ತಿವೆ ಎನಿಸುವ ಯುವಕ ಯುವತಿಯರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.